ಅಂಕಿ ಬಂದರೆ ನಿಲ್ಲುತ್ತಿದ್ದ ಟೈಪಿಸ್ಟ್

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ತಾಲ್ಲೂಕು ಕಚೇರಿಯ ಎದುರು ಒಬ್ಬರು ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದುಕೊಡುತ್ತಿದ್ದರು. ಅವರ ಹೆಸರನ್ನು ನಾನು ಕೇಳಿಕೊಳ್ಳಲೇ ಇಲ್ಲ. ಅಕ್ಷರಗಳನ್ನು ನೋಡದೆಯೇ ಹೊಡೆಯುತ್ತಿದ್ದ ಅವರು ಅಂಕಿ ಬಂದರೆ ಮಾತ್ರ ನಿಂತು, ಕನ್ನಡಕ ಹಣೆಗೇರಿಸಿ, ಹಾಳೆಯ ಮೇಲೆ ಬಗ್ಗುತ್ತಿದ್ದರು. “ಅಂಕಿ ಐತೆ, ತಡೀರಿ,” ಎನ್ನುತ್ತಿದ್ದರು.

ಗೇಣಿಗೆ ಉಳುತ್ತಿದ್ದ ಹೊಲ ನಮ್ಮದಾಗಲೆಂದು ಅರ್ಜಿ ಬರೆಸಲು ಅವ್ವನೂ ನಾನೂ ಮಾಡದಕೆರೆಯಿಂದ ಹೋಗಿದ್ದೆವು. ಸರ್ವೆ ನಂಬರ್ ೬೬. ಆರಕ್ಕೂ ಒಂಬತ್ತಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ. ಆ ಯಂತ್ರದಲ್ಲಿ ಆರರ ಅಚ್ಚು ಸವೆದು ಬಾಲವೇ ಮೂಡುತ್ತಿರಲಿಲ್ಲ. ಮುಗಿದಿದ್ದ ಅರ್ಜಿಯನ್ನು ಅವರು ಹರಿದುಹಾಕಿದರು.

“ಇದನ್ನ ತೊಂಬತ್ತೊಂಬತ್ತು ಅಂತ ಓದಿದ್ರೆ ನಿಮ್ಮ ಹೊಲ ಹೋಯ್ತಲ್ರಿ!”

ಮೊದಲಿಂದ ಹೊಡೆದು, ಅಂಕಿಯ ಪಕ್ಕದಲ್ಲಿ ‘ಅರವತ್ತಾರು’ ಎಂದು ಅಕ್ಷರದಲ್ಲೂ ಸೇರಿಸಿದರು.

ವಿಚಾರಣೆಯ ದಿನ ಅಧಿಕಾರಿ ತೊಂಬತ್ತೊಂಬತ್ತು ಎಂದೇ ಓದಿದರು. “ಸಾರ್, ಪಕ್ಕದಾಗೆ ಅಕ್ಷರದಾಗೂ ಐತೆ ನೋಡ್ರಿ,” ಎಂದೆ. ಅವರು ಮತ್ತೆ ನೋಡಿ ತಿದ್ದಿಕೊಂಡರು. ಮುಂದೆ ಹೊಲ ನಮ್ಮದಾಯಿತು.

ಆದೇಶ ಬಂದ ದಿನ ಅದನ್ನು ಹಿಡಿದು ಟೈಪಿಸ್ಟರ ಹತ್ತಿರವೇ ಹೋದೆವು. ಓದಲು ಬಾರದ ಅವ್ವ, “ನಮ್ಮ ಹೊಲದ ಅಂಕಿ ಹೆಂಗೈತೆ, ತೋರ್ಸಪ್ಪ,” ಎಂದಳು. ಅವರು ಎದ್ದು ತಮ್ಮ ಸ್ಟೂಲು ಬಿಟ್ಟುಕೊಟ್ಟು, ಯಂತ್ರಕ್ಕೆ ಹೊಸ ಹಾಳೆ ಏರಿಸಿದರು. “ಕುಂತ್ಕಳ್ರಿ, ನೀವೇ ಒತ್ರಿ,” ಎಂದು ಆರರ ಕೀಲಿ ತೋರಿಸಿದರು.

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎರಡು ಸಲ ಒತ್ತಿದಳು.