ತುಳಸಿಗೆ ಎರಡು ಚೊಂಬು ನೀರು

ಬೆಳಗ್ಗೆ ಹಾಲು ಕಾಯಿಸಿದೆ. ಅತ್ತೆಯವರ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿಸಿಟ್ಟೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ನಮ್ಮವರ ನೀಲಿ ಷರ್ಟಿಗೆ ಗುಂಡಿ ಹೊಲಿದೆ. ಹನ್ನೊಂದರ ಹೊತ್ತಿಗೆ ಸ್ಟೂಲು ಹಾಕಿಕೊಂಡು ಅಡುಗೆಮನೆಯ ಅಟ್ಟಕ್ಕೆ ಕೈಹಚ್ಚಿದೆ. ಹಿಂದಿನ ಸಾಲಿನಲ್ಲಿ ಕುಡಿಯುವ ನೀರಿನ ಹಳೆಯ ಸ್ಟೀಲ್ ಫಿಲ್ಟರ್ ಇತ್ತು. ಗೋಡೆಗೆ ಆರ್‌ಓ ಯಂತ್ರ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ತೊಳೆದು ಯಾರಿಗಾದರೂ ಕೊಡೋಣವೆಂದು ಸಿಂಕಿನಲ್ಲಿಟ್ಟು ನೀರು ಬಿಟ್ಟೆ. ಒಳಗಿದ್ದ, ನೀರು ಸೋಸುವ ಬಿಳಿಯ ಕ್ಯಾಂಡಲ್ ಎಷ್ಟೋ ವರ್ಷದ ಬಾಯಾರಿಕೆಯಿದ್ದಂತೆ ನೀರು ಎಳೆದುಕೊಂಡು ಒಂದು ವಾಸನೆ ಬಿಟ್ಟಿತು. ಒದ್ದೆ ಸೀಮೆಸುಣ್ಣದಂಥ ವಾಸನೆ…

ಕೆಳಗಿನ ಮನೆಯ ಅಂಕಲ್ ನೆನಪಾದರು. ಅವರು ನೆನಪಾದರೆ ಟೈಲ್ಸ್ ಸಾಹುಕಾರರೂ ಹಿಂದೆಯೇ ಬರುತ್ತಾರೆ. ಸಿಂಕಿನ ಮುಂದೆ ನಿಂತೇ ನನ್ನ ಹಲ್ಲು ಬಿಗಿಯಿತು.

ಆಗ ನಾವು ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆಗಿದ್ದೆವು. ನಾವು ಮೇಲೆ, ಅಂಕಲ್ ಕೆಳಗೆ. ಯಾವುದೋ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಅಂಜನಾಪುರದಲ್ಲಿದ್ದಳು. ಮಾತು ಬಹಳ ಕಡಿಮೆ. ನಾನು ಕಾಫಿ ಕೊಡಲು ಇಳಿದಾಗಲೆಲ್ಲ ಹಿತ್ತಲಿನ ಶೀಟಿನ ಕೆಳಗೆ ಏನನ್ನಾದರೂ ಉಜ್ಜುತ್ತಲೋ ಕೊರೆಯುತ್ತಲೋ ಇರುತ್ತಿದ್ದರು.

ಬೀದಿಯಲ್ಲಿ ಒಬ್ಬೊಬ್ಬರೇ ಆರ್‌ಓ ಹಾಕಿಸಿಕೊಂಡು ಹಳೆಯ ಫಿಲ್ಟರುಗಳನ್ನು ಹೊರಗಿಡತೊಡಗಿದಾಗ ಅಂಕಲ್ ಅವುಗಳ ಕ್ಯಾಂಡಲ್‌ಗಳನ್ನು ಕೇಳಿ ತಂದರು. ಒಂದನ್ನು ಹೂಕುಂಡದ ಮಣ್ಣಿನಲ್ಲಿ ಹೂತು, ಅದರ ಮೂತಿಗೆ ಸಣ್ಣ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಗೆ ನೀರಿನ ಬಾಟಲಿ ಕೂರಿಸಿದರು. ಮಣ್ಣು ಒಣಗಿದರೆ ಕ್ಯಾಂಡಲ್‌ನಿಂದ ನೀರನ್ನು ಎಳೆದುಕೊಳ್ಳುತ್ತಿತ್ತು, ಒದ್ದೆಯಿದ್ದರೆ ಸುಮ್ಮನಿರುತ್ತಿತ್ತು. ಕರೆಂಟು ಬೇಡ, ನೆನಪಿಟ್ಟು ನೀರು ಹಾಕುವವರೂ ಬೇಡ. ನಾವು ಹತ್ತು ದಿನ ಪ್ರವಾಸ ಹೋಗಿ ಬರುವಷ್ಟರಲ್ಲಿ ನನ್ನ ದಾಸವಾಳದಲ್ಲಿ ಮೂರು ಹೂ ಅರಳಿದ್ದವು. ಅಂದಿನಿಂದ ನಾನು ಅವರ ಕಡೆಯವಳಾದೆ.

“ಇದನ್ನ ಮಾರ್ಬೇಕು ಅಂಕಲ್” ಎಂದೆ.

ಅವರು ಪೈಪನ್ನು ಬೆರಳಿನಿಂದ ಒರೆಸಿದರು. “ಜೀವಮಾನ ಎಲ್ಲ ಬೇರೆಯವ್ರ ಡ್ರಾಯಿಂಗ್ ನೋಡಿ ಮಾಡಿದ್ದೇ ಆಯ್ತು ಕಣಮ್ಮ. ನಂದು ಅಂತ ಒಂದು ಸಾಮಾನು ಅಂಗಡೀಲಿ ಕೂತಿರ್ಬೇಕು. ಅದೊಂದು ಆಸೆ ಇದೆ” ಎಂದರು. ಅವರ ಬಾಯಿಂದ ಆಸೆ ಎಂಬ ಮಾತು ಕೇಳಿದ್ದು ಅದೊಂದೇ ಸಲ.

ಜೆ.ಪಿ. ನಗರದಲ್ಲಿ ದೊಡ್ಡ ಟೈಲ್ಸ್ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ಇನ್ನಿಬ್ಬರ ಜೊತೆ ಸೇರಿ ಹೊಸಬರ ಕಸುಬಿಗೆ ಬಂಡವಾಳ ಹಾಕುತ್ತಾರೆಂದು ನಮ್ಮವರು ವಿಚಾರಿಸಿಕೊಂಡು ಬಂದರು. ಶನಿವಾರದ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಸಿಗುತ್ತಾರಂತೆ. ಮಾತಾಡುವುದು ನಾನು, ತೋರಿಸುವುದು ಅಂಕಲ್ ಎಂದು ಒಪ್ಪಂದವಾಯಿತು. ಟೈಲ್ಸಿನವರಲ್ಲವೇ, ನೆಲ ಕೊಳೆಯಾಗದಿದ್ದರೆ ಮೆಚ್ಚುತ್ತಾರೆಂದು ಅಂಕಲ್ ಕುಂಡದ ತಳದ ತೂತನ್ನು ಸಿಮೆಂಟಿನಿಂದ ಮುಚ್ಚಿದರು. ಒಂದು ತೊಟ್ಟೂ ಸೋರುತ್ತಿರಲಿಲ್ಲ.

ಯಾವ ಗಿಡ ಒಯ್ಯುವುದು ಎಂಬ ಮಾತು ಬಂತು. ಅವರು ದಾಸವಾಳ ಎಂದರು. ನಾನು ಬೇಡವೆಂದೆ. “ದಾಸವಾಳ ಕೊಟ್ರೆ ಮೂಲೇಲಿ ಇಟ್ಟು ಮರೀತಾರೆ ಅಂಕಲ್. ತುಳಸಿ ಆದ್ರೆ ಮುಂದೆ ಇಡ್ತಾರೆ. ದಿನಾ ಕಣ್ಣಿಗೆ ಬೀಳುತ್ತೆ.” ನನ್ನ ಜಾಣತನ ನೋಡಿ…

ಆ ಕೋಣೆಯಲ್ಲಿ ಮೂವರು ಕೂತಿದ್ದರು. ಚಡ್ಡಿ ಹಾಕಿದ್ದ ಒಬ್ಬ ತರುಣ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, “ಸೆನ್ಸರ್ ಎಲ್ಲಿ ಅಂಕಲ್? ಆ್ಯಪ್ ಇಲ್ವಾ?” ಎಂದ.

“ಮಣ್ಣೇ ಸೆನ್ಸರ್ ಕಣಪ್ಪ” ಎಂದರು ಅಂಕಲ್.

ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು, “ನೀವು ಇವತ್ತು ಮಾಡಿದ್ರೆ ನಾಳೆ ಫುಟ್‌ಪಾತಲ್ಲಿ ಗುಡ್ಡೆ ಹಾಕ್ಕೊಂಡು ಮಾರ್ತಾರೆ” ಎಂದು ಕನ್ನಡಕ ಒರೆಸಿಕೊಂಡರು.

ಸಾಹುಕಾರರು ಕೊನೆಗೆ ಬಾಯಿ ಬಿಟ್ಟರು. “ಅಲ್ಲ ಮೇಡಂ, ಕೆಲಸದವಳಿಗೆ ಒಂದು ಚೊಂಬು ನೀರು ಹಾಕಮ್ಮ ಅಂದ್ರೆ ಹಾಕ್ತಾಳೆ. ಅದಕ್ಕೆ ಈ ಗ್ಲೂಕೋಸ್ ಬಾಟ್ಲು ಯಾಕೆ? ಗಿಡ ಏನು ಆಸ್ಪತ್ರೆ ಸೇರಿದ್ಯಾ?”

ಮೂವರೂ ನಕ್ಕರು. ನನಗೆ ರೋಷ ಉಕ್ಕಿತು. “ನಂಬಿಕೆ ಇಲ್ದಿದ್ರೆ ಈ ತುಳಸೀನ ನಿಮ್ಮನೇಲಿ ಇಟ್ಕೊಳ್ಳಿ ಸಾರ್. ಹದಿನೈದು ದಿನ ಯಾರೂ ಒಂದು ತೊಟ್ಟು ನೀರು ಹಾಕ್ಬಾರ್ದು. ಆಮೇಲೆ ಮಾತಾಡೋಣ” ಎಂದೆ. ಅವರು ಒಪ್ಪಿದರು. ಗಿಡ ನಳನಳಿಸುತ್ತಿದ್ದರೆ ಇದನ್ನು ತಯಾರಿಸಲು ಸಾರಕ್ಕಿಯ ಕಡೆ ಒಂದು ಶೆಡ್ಡು ನೋಡೋಣ ಎಂದೂ ಹೇಳಿದರು. ಅಂಕಲ್ ಮೆಟ್ಟಿಲಿಳಿಯುವಾಗ ಹುಡುಗರ ಹಾಗೆ ಎರಡೆರಡು ಮೆಟ್ಟಿಲು ಇಳಿದರು.

ಹದಿನೈದು ದಿನ ಕಳೆದು ಕರೆ ಬಂತು. ಹೋದರೆ, ಮೇಜಿನ ಮೇಲೆ ಹಾಸಿದ ಪೇಪರಿನಲ್ಲಿ ನಮ್ಮ ಕುಂಡವಿತ್ತು. ತುಳಸಿಯ ಎಲೆಗಳು ಕಪ್ಪಾಗಿ ಜೋತುಬಿದ್ದಿದ್ದವು. ಬುಡ ಕೊಳೆತು ನಾರುತ್ತಿತ್ತು.

“ಗಿಡ ಸಾಯ್ಸೋಕೆ ಇಷ್ಟೆಲ್ಲ ಪೈಪ್ ಯಾಕೆ ಸ್ವಾಮಿ?” ಎಂದರು ಸಾಹುಕಾರರು. “ಒಂದು ಲೋಟ ಬಿಸಿನೀರು ಹಾಕಿದ್ರೆ ಸಾಕಿತ್ತಲ್ಲ. ಬೇರೆ ಗಿಡ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು. ನಮ್ಮನೇಲಿ ತುಳಸಿ ಸಾಯ್ಸಿಬಿಟ್ರಲ್ರೀ.”

“ಯಾರೂ ನೀರು ಹಾಕಿಲ್ಲ ತಾನೇ ಸಾರ್?” ಎಂದು ಅಂಕಲ್ ಮೆಲ್ಲಗೆ ಕೇಳಿದರು.

“ನಾನು ಮಾತು ಕೊಟ್ಟೋನು ರೀ!” ಎಂದು ಅವರು ಮೇಜು ಕುಟ್ಟಿದರು.

ಅಂಕಲ್ ಆಟೋದಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಅಷ್ಟಕ್ಕೇ ನಿಂತಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಸಾಹುಕಾರರು ಬೆಳಗಿನ ವಾಕಿಂಗಿಗೆ ಬರುತ್ತಿದ್ದುದು ನಮ್ಮ ಪಾರ್ಕಿಗೇ. ಬಿಸಿನೀರಿನ ಜೋಕನ್ನು ಅಲ್ಲಿಯೂ ಹಂಚಿದರು. ವಾಕಿಂಗಿನವರು ಅಂಕಲ್‌ಗೆ ‘ತುಳಸಿ ಡಾಕ್ಟ್ರು’ ಎಂದು ಹೆಸರಿಟ್ಟರು. ಅಂಕಲ್ ಪಾರ್ಕಿಗೆ ಹೋಗುವುದನ್ನು ಬಿಟ್ಟು ರಸ್ತೆಯಲ್ಲೇ, ಬಸ್ಸಿನ ಹೊಗೆಯಲ್ಲಿ ನಡೆಯತೊಡಗಿದರು. ಹಿತ್ತಲಿನ ಕೊರೆಯುವ ಸದ್ದು ನಿಂತುಹೋಯಿತು. ಎಲ್ಲಿ ತಪ್ಪಿತೆಂದೇ ಅವರಿಗೆ ತಿಳಿಯಲಿಲ್ಲ. ತಿಳಿಯದೆ ಏನನ್ನು ಸರಿಮಾಡುವುದು?

ಎರಡು ವರ್ಷದ ಮೇಲೆ, ಶ್ರಾವಣದ ಒಂದು ಮಧ್ಯಾಹ್ನ, ಜಯನಗರದ ಟೈಲರ್ ಅಂಗಡಿಯ ಬೆಂಚಿನ ಮೇಲೆ ರವಿಕೆಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು ಮಾತಿನ ಮಲ್ಲಿ. ವ್ರತ, ಹೂವು, ತುಳಸಿ ಎಂದು ಹೇಳಿಕೊಂಡು ಹೋದರು. “ನಮ್ಮೆಜಮಾನ್ರು ಒಂದ್ಸಲ ಪೈಪ್ ಇರೋ ತುಳಸಿ ತಂದಿದ್ರು ನೋಡಿ. ಪಾಪ, ಯಾರೋ ಕೊಟ್ಟಿದ್ದು. ದಿನಾ ಸ್ನಾನ ಮಾಡಿ ಅದಕ್ಕೂ ಎರಡು ಚೊಂಬು ನೀರು ಹಾಕಿ ಪ್ರದಕ್ಷಿಣೆ ಹಾಕ್ತಿದ್ದೆ. ಆದ್ರೂ ಉಳೀಲಿಲ್ಲ.”

ಸಾಹುಕಾರರ ಹೆಂಡತಿ ಇವರೇ! ಬಾಯಿಗೆ ಬಂದದ್ದನ್ನು ನುಂಗಿದೆ. ರವಿಕೆ ಕಟ್ಟಿಸಿಕೊಂಡು ಮನೆಗೆ ಬಂದೆ. ಅಂಕಲ್ ಬಾಗಿಲಲ್ಲೇ ಕೂತಿದ್ದರು. ಹೇಳಲಿಲ್ಲ. ಇಷ್ಟು ಒಳ್ಳೆಯ ಸುದ್ದಿಯನ್ನು ಬಾಗಿಲಲ್ಲಿ ನಿಂತು ಹೇಳಿ ಮುಗಿಸಲು ನನಗೆ ಮನಸ್ಸಿರಲಿಲ್ಲ. ನಾಲ್ಕು ಜನರ ಮುಂದೆ ಹೋದ ಮಾನ ನಾಲ್ಕು ಜನರ ಮುಂದೆಯೇ ವಾಪಸ್ ಬರಬೇಕು. ಆ ಮನುಷ್ಯ ಅಲ್ಲೇ ಕೂತು ಕೇಳಬೇಕು.

ನಮ್ಮ ಬಡಾವಣೆಯ ಕೈತೋಟದ ಗುಂಪು ಸಂಕ್ರಾಂತಿ ಕಳೆದ ಭಾನುವಾರ ಪಾರ್ಕಿನಲ್ಲಿ ಗಿಡಗಳ ಪ್ರದರ್ಶನ ಇಡುವುದಿತ್ತು. ಮುಖ್ಯ ಅತಿಥಿಯಾಗಿ ಸಾಹುಕಾರರ ಹೆಸರು ಸೂಚಿಸಿದವಳು ನಾನೇ. ‘ದಂಪತಿ ಸಮೇತ’ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿಸಿದವಳೂ ನಾನೇ. ಶ್ರಾವಣದಿಂದ ಸಂಕ್ರಾಂತಿಯವರೆಗೆ ಆ ದಿನವನ್ನು ಉಪ್ಪಿನಕಾಯಿಯ ಹಾಗೆ ಕಳಿಯಲು ಬಿಟ್ಟೆ. ಸಾರು ಕುದಿಸುವಾಗ, ಬಟ್ಟೆ ಮಡಚುವಾಗ ನಾನು ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿ ನೋಡುತ್ತಿದ್ದೆ. ಆ ತಿಂಗಳುಗಳಲ್ಲಿ ಅಂಕಲ್‌ ಕೈಯ ಕಾಫಿಲೋಟ ತಟ್ಟೆಯಲ್ಲಿ ಟಕಟಕ ಎನ್ನತೊಡಗಿದ್ದನ್ನು ನೋಡಿದ್ದೆ. ನೋಡಿ, ವಯಸ್ಸಾಯಿತಲ್ಲ ಅಂದುಕೊಂಡಿದ್ದೆ, ಅಷ್ಟೇ…

ಆ ಭಾನುವಾರ ಅಂಕಲ್‌ರನ್ನು ಬಲವಂತದಿಂದ ಕರೆದೊಯ್ದು ಮೂರನೇ ಸಾಲಿನಲ್ಲಿ ಕೂರಿಸಿದೆ. ಸಾಹುಕಾರರು ಪೇಟ, ಹಾರ ಹಾಕಿಸಿಕೊಂಡು ಮೈಕ್ ಹಿಡಿದರು. “ನಾನು ಪರೀಕ್ಷೆ ಮಾಡ್ದೆ ಯಾವುದನ್ನೂ ನಂಬಲ್ಲ” ಎಂದರು. ದೇವರು ದೊಡ್ಡವನು, ಅವರೇ ಮುಂದುವರಿದು ಪೈಪಿನ ತುಳಸಿಯ ಕಥೆ ತೆಗೆದರು, ಬಿಸಿನೀರಿನ ತನಕ. ಜನ ನಕ್ಕರು. ಅಂಕಲ್ ತಮ್ಮ ಚಪ್ಪಲಿ ನೋಡುತ್ತ ಕೂತರು.

ಚಪ್ಪಾಳೆ ಮುಗಿದ ಮೇಲೆ ವಂದನಾರ್ಪಣೆಗೆಂದು ಮೈಕ್ ನನ್ನ ಕೈಗೆ ಬಂತು. ಸಾಹುಕಾರರ ಹೆಂಡತಿಯತ್ತ ತಿರುಗಿ, ಆದಷ್ಟೂ ನಯವಾಗಿ ಕೇಳಿದೆ. “ಮೇಡಂ, ಆ ತುಳಸಿಗೂ ನೀವು ದಿನಾ ನೀರು ಹಾಕ್ತಿದ್ರಾ?”

“ಅಯ್ಯೋ, ಹಾಕ್ದೆ ಇರ್ತೀನಾ?” ಎಂದರು ಆಕೆ, ಹೆಮ್ಮೆಯಿಂದ. “ಎರಡು ಚೊಂಬು. ಮನೆಗೆ ಬಂದ ತುಳಸೀನ ಉಪವಾಸ ಕೆಡವಕ್ಕಾಗುತ್ತಾ?”

“ನೀರು ಹಾಕ್ಬಾರ್ದು ಅಂತ ಸಾಹುಕಾರ್ರು ಮನೇಲಿ ಹೇಳಿರ್ಲಿಲ್ವಾ?”

“ಇವ್ರು ಮನೇಲಿ ಏನು ತಾನೇ ಹೇಳ್ತಾರೆ!”

ಹಿಂದಿನ ಸಾಲಿನಿಂದ ವಾಕಿಂಗಿನ ಯಾರೋ ಕೂಗಿದರು. “ಮೇಡಂ, ಬಿಸಿನೀರೋ ತಣ್ಣೀರೋ?” ಆಮೇಲೆ ಎದ್ದ ನಗು… ಆ ನಗುವನ್ನು ನಾನು ಇವತ್ತಿಗೂ ಬೇಕೆಂದಾಗ ಕಿವಿಯಲ್ಲಿ ಕೇಳಿಸಿಕೊಳ್ಳಬಲ್ಲೆ. ಸಾಹುಕಾರರ ಮುಖ ಪೇಟದ ಕೆಳಗೆ ಇದ್ದಿಲಾಗಿತ್ತು. ಹೆಂಡತಿಯತ್ತ ನೋಡಿದ ನೋಟದಲ್ಲಿ ಬೆಂಕಿಯಿತ್ತು. ಪಾಪ, ಆಕೆಗೆ ಏನಾಯಿತೆಂದೇ ಗೊತ್ತಿರಲಿಲ್ಲ. ಅದೊಂದು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಸಾಹುಕಾರರಿಗಾಗಿ ನನ್ನ ಮನಸ್ಸು ಎಳ್ಳಷ್ಟೂ ಮರುಗಲಿಲ್ಲ.

ಆಗ ಅಂಕಲ್ ಎದ್ದು ನಿಂತರು. ಈಗ ಬೈಯುತ್ತಾರೆ, ಬೈಯಲಿ ಎಂದು ನಾನು ಮೈಕ್ ಚಾಚಿದೆ. ಅವರು ಮೈಕ್ ತೆಗೆದುಕೊಳ್ಳಲೇ ಇಲ್ಲ. ನೇರ ಆಕೆಯ ಹತ್ತಿರ ಹೋಗಿ, “ಚೊಂಬು ಅಂದ್ರೆ ಯಾವ್ದಮ್ಮ? ಪೂಜೆದಾ, ಸ್ನಾನದ್ದಾ?” ಎಂದರು.

“ಪೂಜೆದು. ಇಷ್ಟು ದೊಡ್ಡದು” ಎಂದು ಆಕೆ ಕೈಯಲ್ಲಿ ತೋರಿಸಿದರು.

ಅಂಕಲ್‌ರ ಮುಖ ಬೆಳಗಿತು. ಎರಡೂವರೆ ವರ್ಷದಿಂದ ಆ ಬೆಳಕು ನೋಡಿರಲಿಲ್ಲ. “ಹಂಗಾದ್ರೆ ತಪ್ಪು ನಂದೇ. ತಳದ ತೂತು ಮುಚ್ಚಿದ್ನಲ್ಲ, ನೀರು ಎಲ್ಲಿಗೆ ಹೋಗುತ್ತೆ? ತುಳಸಿಗೆ ಜನ ನೀರು ಹಾಕೇ ಹಾಕ್ತಾರೆ. ಅದನ್ನ ನಾನಲ್ವಾ ಯೋಚ್ನೆ ಮಾಡ್ಬೇಕಿದ್ದಿದ್ದು!” ಎಂದರು.

ಮುಳುಗುತ್ತಿದ್ದ ಸಾಹುಕಾರರಿಗೆ ದಡ ಸಿಕ್ಕಿತು. “ಅದೇ ನೋಡಿ! ಸೋಮವಾರ ಅಂಗಡಿಗೆ ತನ್ನಿ ಸಾರ್, ಇನ್ನೊಂದ್ಸಲ ನೋಡೋಣ” ಎಂದರು.

“ಈಗ್ಲೇ ಬೇಡ ಸಾರ್. ಸರಿ ಮಾಡ್ಕೊಂಡು ತರ್ತೀನಿ” ಎಂದರು ಅಂಕಲ್.

ಮನೆಗೆ ಬರುವ ದಾರಿಯಲ್ಲಿ ಅವರ ಮೇಲೆ ರೇಗಾಡಿದೆ. “ಸಾಹುಕಾರ್ರು ತಲೆ ತಗ್ಗಿಸಿ ನಿಂತಿದ್ರು ಅಂಕಲ್! ಆಗ್ಲೇ ಹೂಂ ಅಂದು ಸಹಿ ಹಾಕಿಸ್ಕೋಬೇಕಿತ್ತು.”

“ಅವ್ರ ತಲೆ ತಗೊಂಡು ನಾನೇನಮ್ಮ ಮಾಡ್ಲಿ?” ಎಂದು ನಕ್ಕರು. ಗೇಟಿನ ಹತ್ತಿರ ನಿಂತು, “ಚೊಂಬಿನ ವಿಷ್ಯ ನಿಂಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದರು.

“ಶ್ರಾವಣದಲ್ಲಿ.”

ಅವರು ಬೆರಳಿನ ಮೇಲೆ ಎಣಿಸಿದರು. ಭಾದ್ರಪದ, ಆಶ್ವೀಜ, ಕಾರ್ತೀಕ… ಎಣಿಸುವ ಬೆರಳು ನಡುಗುತ್ತಿತ್ತು. “ಓಹೋ” ಎಂದರು. ಒಳಗೆ ಹೋದರು.

ಮಾರನೆಯ ದಿನವೇ ಕೊರೆಯುವ ಸದ್ದು ಮತ್ತೆ ಶುರುವಾಯಿತು. ಹೆಚ್ಚಾದ ನೀರು ಹರಿದುಹೋಗಲು ಕುಂಡದ ಪಕ್ಕದಲ್ಲಿ, ಸರಿಯಾದ ಎತ್ತರಕ್ಕೆ ಒಂದು ತೂತು ಕೊರೆಯಬೇಕಿತ್ತು. ಅವರ ಹಳೆಯ ಕೈಗೆ ಒಂದು ಗಳಿಗೆಯ ಕೆಲಸ. ಆದರೆ ಆ ಕೈ ಹೊರಟುಹೋಗಿತ್ತು. ಕುಂಡದ ಮೇಲೆ ಕುಂಡ ಸೀಳಿತು. ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಬೇಡ ಎನ್ನುತ್ತಿದ್ದರು. ಬೇರೆಯವರ ಹತ್ತಿರ ಮಾಡಿಸೋಣ ಎಂದರೂ ಒಪ್ಪಲಿಲ್ಲ. ಅದು ಅವರದೇ ಸಾಮಾನು ಆಗಬೇಕಿತ್ತಲ್ಲ… ಮುಂದಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿದ್ದರು. ಮಗಳು ಅಂಜನಾಪುರಕ್ಕೆ ಕರೆದುಕೊಂಡು ಹೋದಳು. ದಸರೆಗೆ ಮುಂಚೆ ಹೋಗಿಬಿಟ್ಟರು. ಅವರ ಸಾಮಾನು ಯಾವ ಅಂಗಡಿಯಲ್ಲೂ ಕೂರಲಿಲ್ಲ.

ಟೈಲರ್ ಅಂಗಡಿಯಿಂದ ಬಂದ ಆ ಮಧ್ಯಾಹ್ನ ಬಾಗಿಲಲ್ಲೇ ಹೇಳಿದ್ದರೆ, ಅವರ ಕೈಯಲ್ಲಿ ಇನ್ನೂ ಐದು ತಿಂಗಳ ಕಸುವಿತ್ತು. ಅದನ್ನು ನಾನು ಒಂದು ಭಾನುವಾರದ ನಗುವಿಗೆ ಖರ್ಚು ಮಾಡಿದೆ. ಇದು ನನಗೆ ಗೊತ್ತು. ಅವರಿಗೂ ಗೊತ್ತಾಗಿತ್ತು. ಒಂದು ದಿನವೂ ಆಡಿ ತೋರಿಸಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹಾಗೆಂದು ಸಾಹುಕಾರರನ್ನು ಕ್ಷಮಿಸಿಲ್ಲ. ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಸಿಕ್ಕರು, ಕೋಲು ಹಿಡಿದಿದ್ದರು, ಕೈಮುಗಿದರು. ನಾನು ಅವರೆಕಾಯಿ ಆರಿಸುತ್ತ ನಿಂತೆ, ಕತ್ತೆತ್ತಲಿಲ್ಲ.

ಇವತ್ತು ಅನ್ನ, ಹುರುಳಿಕಾಯಿ ಹುಳಿ ಮಾಡಿದ್ದೆ. ಹಪ್ಪಳ ಸುಟ್ಟೆ. ರಾತ್ರಿ ಊಟದ ಹೊತ್ತಿನಲ್ಲಿ ನಮ್ಮವರ ಹತ್ತಿರ ಈ ಹಳೆಯ ವಿಷಯ ತೆಗೆದೆ. “ಇನ್ನೂ ಬಿಟ್ಟಿಲ್ವಾ ನೀನು?” ಎಂದರು.

“ಸಾಹುಕಾರ್ರನ್ನಂತೂ ಬಿಡಲ್ಲ” ಎಂದೆ.

“ಮತ್ತೆ ನಿನ್ನನ್ನ ನೀನು ಬಿಟ್ಟಿದ್ಯಾ?” ಎಂದು ಕೇಳಿ, ಮಜ್ಜಿಗೆ ಕುಡಿದು ಕೈತೊಳೆಯಲು ಎದ್ದರು. ಅತ್ತೆಯವರು ಮೊದಲು ಮಲಗಿದರು, ಅವರ ಹಿಂದೆ ನಮ್ಮವರು. ನನಗೆ ಇನ್ನೂ ನಿದ್ದೆ ಬಂದಿಲ್ಲ.