ಮಡಿವಾಳಪ್ಪನವರ ಹಾಡುವ ಕೌಬಾಯ್‌ಗಳು

ನಮ್ಮ ಪಕ್ಕದ ಫ್ಲ್ಯಾಟಿನ ಮಡಿವಾಳಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅವರ ಮಂಚದ ಪೆಟ್ಟಿಗೆಯ ತುಂಬ ಇದ್ದದ್ದು ಹಳೆಯ ಅಮೆರಿಕನ್ ಸಿನಿಮಾಗಳ ಪೋಸ್ಟರುಗಳು. ಅದೂ ಎಂಥ ಸಿನಿಮಾ ಅಂತೀರಿ? ಕುದುರೆಯ ಮೇಲೆ ಕೂತು ಗಿಟಾರ್ ಬಾರಿಸುತ್ತ ಹಾಡುವ ಕೌಬಾಯ್‌ಗಳದ್ದು. ಕಳ್ಳರು ಅಟ್ಟಿಸಿಕೊಂಡು ಬಂದರೂ ಈ ಮಹಾರಾಯರ ಹಾಡು ನಿಲ್ಲುವುದಿಲ್ಲವಂತೆ. ಆ ಸಿನಿಮಾಗಳಲ್ಲಿ ಒಂದನ್ನೂ ತಾವು ಪೂರ್ತಿ ನೋಡಿಲ್ಲವೆಂದು ಅವರೇ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ.

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ, ರಜೆ ಸಿಕ್ಕಾಗಲೆಲ್ಲ ದಂಡು ಪ್ರದೇಶದ ಕಡೆ ಹೋಗಿ, ಬಾಗಿಲು ಹಾಕುತ್ತಿದ್ದ ಟಾಕೀಸುಗಳಿಂದ, ಗುಜರಿ ಅಂಗಡಿಗಳಿಂದ ಹೆಕ್ಕಿ ತಂದವು ಅವು. ಈಗ ಬ್ರೂಕ್‌ಫೀಲ್ಡಿನಲ್ಲಿ ಮಗ ಈರೇಶನ ಮನೆಯಲ್ಲಿ ವಾಸ. ಅವರ ಕೋಣೆಯ ಕಿಟಕಿ ತೆರೆದರೆ ಎದುರಿನ ಟವರಿನ ಗೋಡೆ. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಒಂದು ಪೋಸ್ಟರನ್ನು ಹಾಸಿಗೆಯ ಮೇಲೆ ಹರವಿಕೊಂಡು, ಕುದುರೆಯ ಹಿಂದಿನ ಬಯಲನ್ನೇ ನೋಡುತ್ತ ಕೂರುತ್ತಿದ್ದರು. "ಇಲ್ಲಿ ಉಸಿರಾಡಾಕ ಜಾಗ ಐತಿ ನೋಡ್ರಿ" ಎಂದು ನನಗೂ ತೋರಿಸುತ್ತಿದ್ದರು, ಬೆರಳು ತಾಗಿಸದೆ. ಕಾಗದಕ್ಕೆ ಬೆವರು ಹತ್ತಬಾರದಲ್ಲ.

ಸೊಸೆ ಶೀತಲ್ ಒಳ್ಳೆಯ ಹುಡುಗಿ. ತೊಂದರೆಯಾದದ್ದೂ ಅದರಿಂದಲೇ. ತೀರಿಹೋದ ತನ್ನ ಅಪ್ಪನ ಒಂದೇ ಒಂದು ಫೋಟೊವನ್ನು ಲ್ಯಾಮಿನೇಶನ್ ಮಾಡಿಸಿ ಉಳಿಸಿಕೊಂಡವಳು ಆಕೆ. ಮಾರ್ಕ್ಸ್ ಕಾರ್ಡು, ದೇವರ ಪಟ, ಯಾವುದು ಹಾಳಾಗಬಾರದೋ ಅದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸುವುದು ನಮ್ಮೆಲ್ಲರ ಬುದ್ಧಿಯೇ. ಮಾವನ ಹುಟ್ಟುಹಬ್ಬಕ್ಕೆಂದು, ಅವರಿಗೆ ತಿಳಿಸದೆ, ಎಲ್ಲಕ್ಕಿಂತ ಹಳೆಯ ಪೋಸ್ಟರನ್ನು ಹತ್ತಿರದ ಹೂಡಿಯ ಅಂಗಡಿಗೆ ಒಯ್ದು, ಬಿಸಿ ಯಂತ್ರದಲ್ಲಿ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ತೂಗುಹಾಕಿದಳು. ಹಾಗೆ ಮಾಡಿದ ಕಾಗದ ಸಂಗ್ರಹ ಮಾಡುವವರ ಪಾಲಿಗೆ ಸತ್ತ ಹಾಗೆ. ಪ್ಲಾಸ್ಟಿಕ್ ಕಿತ್ತರೆ ಬಣ್ಣವೂ ಕಿತ್ತುಬರುತ್ತದೆ.

ಮಡಿವಾಳಪ್ಪನವರು "ಚಲೋ ಆಗೇತಿ ಬಿಡವಾ" ಅಂದರಂತೆ. ಒಂದು ವಾರ ಅದರ ಕೆಳಗೇ ಕೂತು ಊಟ ಮಾಡಿ, ಕೊನೆಗೆ ತಡೆಯಲಾರದೆ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕುಸಿದು ನಡೆದದ್ದೆಲ್ಲ ಹೇಳಿಕೊಂಡರು. ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಬಾಯಿಬಿಟ್ಟು ಹೇಳ್ಬಿಡಿ ಸಾರ್. ಮಿಕ್ಕಿದ್ದಾದ್ರೂ ಉಳ್ಕೊಳ್ತವೆ."

"ಹೆಂಗ ಹೇಳ್ಲಿ, ಮುನೀಂದ್ರ ಅವರ? ಉಳದದ್ದು ಮುಟ್ಟಬ್ಯಾಡ ಅಂದ್ರ, ಮೊದಲಿಂದು ಹಾಳಾತು ಅಂತ ಆಕಿಗೆ ತಿಳಿತೈತಿ. 'ನಮ್ಮಪ್ಪನ ಫೋಟೋಕ್ಕ ಮಾಡಿದಂಗ ನಿಮಗೂ ಮಾಡೀನ್ರಿ' ಅಂದಾಳ ಆಕಿ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರ್. ಶೀತಲ್ ದನಿ.

"ಮಾವಾರ, ಹೂಡಿ ಅಂಗಡ್ಯಾಗ ಅದೀನ್ರಿ. ಅರ್ಧ ದಿನ ರಜಾ ಹಾಕೀನಿ. ನೀವು ಮುಂಜಾನೆ ಹೊರಗ ಹೋಗಿದ್ರಲ್ಲ, ಆವಾಗ ಪೆಟಿಗ್ಯಾಗಿನ ಪೋಸ್ಟರೆಲ್ಲಾ ತಂದೀನಿ. ಹೊಳಪಿನ ಪ್ಲಾಸ್ಟಿಕ್ ಹಾಕ್ಲೋ, ಹೊಳಪಿಲ್ಲದ ಮ್ಯಾಟ್ ಹಾಕ್ಲೋ ಅಂತ ಕೇಳಾಕತ್ತಾರ."

ನಾನು ಎರಡೂ ಕೈ ಬೀಸಿ, ಬೇಡ ಅನ್ನಿ ಎಂದು ಸನ್ನೆ ಮಾಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಮಾವಾರ, ಕೇಳಸ್ತೈತ್ರಿ?" ಆ ಹುಡುಗಿಯ ದನಿಯಲ್ಲಿ ಹಿಗ್ಗು ಉಕ್ಕುತ್ತಿತ್ತು.

"ಮ್ಯಾಟ್ ಹಾಕಸವಾ," ಎಂದರು ಮಡಿವಾಳಪ್ಪನವರು. "ಹೊಳಪಿದ್ರ ಕಣ್ಣಿಗೆ ಹೊಡಿತೈತಿ."