ಹಿಂದಿನಿಂದ ಯಾರೂ ಕರೆಯಲಿಲ್ಲ

ಆ ಮಧ್ಯಾಹ್ನ ವೈಟ್‌ಫೀಲ್ಡಿನ ಕಾರಿನ ಷೋರೂಮಿನಲ್ಲಿ ನಾವು ಮೂವರಿದ್ದೆವು—ನನ್ನ ಅಣ್ಣ ರುದ್ರಣ್ಣ, ಕಾರು ಮಾರುವ ಹುಡುಗ ಬಸವರಾಜ, ಮತ್ತು ನಾನು. ಅಣ್ಣನಿಗೆ ಆ ಕೆಂಪು ಕಾರು ಸಿಗದಂತೆ ಮಾಡಿದವಳು ನಾನು. ಬೆಲೆ ಹೊಂದಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬೆಲೆ ಹೊಂದಿತ್ತು. ಚೆನ್ನಾಗಿಯೇ ಹೊಂದಿತ್ತು—ಆಮೇಲೆ ಅದನ್ನು ಕೆಡಿಸಿದವಳು ನಾನು.

ಚೌಕಾಸಿ ಎಂದರೆ ನಮ್ಮ ಬಳಗದಲ್ಲಿ ನನ್ನ ಹೆಸರೇ ಮೊದಲು. ಸೀರೆಯಾಗಲಿ, ಮದುವೆಯ ಛತ್ರವಾಗಲಿ, "ಕಮಲಮ್ಮನ್ನ ಕರ್ಕೊಂಡೋಗಿ" ಎನ್ನುತ್ತಾರೆ. ಕಲಿಸಿದವಳು ನಮ್ಮಜ್ಜಿ. ಅವಳ ಪಾಠ ಎರಡೇ. ಬೇಕಾದ ವಸ್ತುವಿನ ಕಡೆ ನೋಡಬಾರದು. ಆಸೆ ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ. ಆಮೇಲೆ, ಎದ್ದು ಹೊರಡಬೇಕು. ಹೊರಟವರನ್ನು ಹಿಂದಿನಿಂದ ಕೂಗಬಾರದೆಂದು ಮನೆಯಲ್ಲಿ ನಮ್ಮನ್ನು ಬೈಯುತ್ತಿದ್ದ ಅದೇ ಅಜ್ಜಿ, ಅಂಗಡಿಯ ಮೆಟ್ಟಿಲಿಳಿಯುವಾಗ ಮಾತ್ರ ಆ ಕೂಗಿಗೇ ಕಿವಿಗೊಟ್ಟು ಮೆಲ್ಲಗೆ ನಡೆಯುತ್ತಿದ್ದಳು. ಕೂಗು ಬಂತೋ, ಅದೇ ನ್ಯಾಯವಾದ ಬೆಲೆ.

ಅಣ್ಣನಿಗೆ ಇದು ಯಾವುದೂ ಬಾರದು. ಪೀಣ್ಯದಲ್ಲಿ ಮೂವತ್ತು ವರ್ಷ ಸ್ಪ್ರಿಂಗ್ ಮಾಡುವ ಶೆಡ್ ನಡೆಸಿದವನು. ಹೇಳಿದ್ದು ಒಂದೇ ರೇಟು, ತೆಗೆದುಕೊಂಡದ್ದೂ ಅದೇ ರೇಟು. ತನಗೆಂದು ಏನನ್ನೂ ಕೊಂಡವನಲ್ಲ. ಅಂಗಿಯ ಬಟ್ಟೆಯನ್ನೂ ಗಿರಿಜತ್ತಿಗೆಯೇ ಆರಿಸುತ್ತಿದ್ದಳು. ಅತ್ತಿಗೆ ತೀರಿಕೊಂಡ ಮೇಲೆ ಶೆಡ್ ಮಾರಿ ಮಾಕಳಿಯ ಮನೆಯಲ್ಲಿ ಸುಮ್ಮನೆ ಕೂತ. ಒಂದು ಭಾನುವಾರ ತನ್ನ ಹಳೆಯ ವ್ಯಾನಿನಲ್ಲಿ ವರ್ತೂರಿನ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಖಾಲಿ ಲೋಟದೊಳಗೆ ನೋಡುತ್ತ ಹೇಳಿದ: "ಕಮಲೀ, ನಂಗೊಂದು ಸ್ಪೋರ್ಟ್ಸ್ ಕಾರ್ ತಗೋಬೇಕು ಅನ್ನಿಸ್ತಿದೆ ಕಣೇ. ಎರಡೇ ಬಾಗ್ಲುದು. ನಗ್ಬೇಡ."

ನಕ್ಕೆ. "ಅರವತ್ತೆರಡಕ್ಕೆ ಶೋಕಿ ಬಂತಾ?"

"ಇಪ್ಪತ್ತೆರಡಕ್ಕೇ ಬಂದಿತ್ತು. ಹೇಳ್ಲಿಲ್ಲ ಅಷ್ಟೆ. ನೀನು ಬಂದು ರೇಟ್ ಮಾತಾಡು. ತೀರಾ ಕಮ್ಮಿ ಮಾಡ್ಸೋದೇನೂ ಬೇಡ, ನ್ಯಾಯವಾಗಿರ್ಲಿ ಸಾಕು."

"ಸ್ವಂತ ಗಾಡೀಲಿ ಹೋದ್ರೆ ದುಡ್ಡಿದೆ ಅಂದ್ಕೋತಾರೆ" ಎಂದು ವ್ಯಾನನ್ನು ನಮ್ಮ ಗೇಟಿನ ಮುಂದೆ ಬಿಡಿಸಿ ಅವನನ್ನು ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಪಾಠ: ಕಾರು ಮುಟ್ಟಬೇಡ, ಚೆನ್ನಾಗಿದೆ ಅನ್ನಬೇಡ, ನಾನು ಎದ್ದರೆ ಏಳು. ಎಲ್ಲಕ್ಕೂ ತಲೆಯಾಡಿಸಿದ. ಒಳಗೆ ಹೋದವನೇ ನೇರವಾಗಿ ಕಾರಿನ ಹತ್ತಿರ ನಡೆದು ಬಾನೆಟ್ಟಿನ ಮೇಲೆ ಅಂಗೈಯಿಟ್ಟ—ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. "ಎಷ್ಟು ಚೆನ್ನಾಗಿದ್ಯಪ್ಪಾ ಇದು" ಎಂದ, ಬಸವರಾಜನ ಎದುರಿಗೇ. ಮುಖವೆಲ್ಲ ನಗು.

ಆದರೂ ಮಾತಿಗೆ ಕೂತೆ. ಬೇಡದ ಸೀಟ್ ಕವರು, ಮ್ಯಾಟು, ಪಾಲಿಶ್, ದುಬಾರಿ ವಿಮೆ—ಒಂದೊಂದನ್ನೇ ತೆಗೆಸಿದೆ. ಬಸವರಾಜ ಗದಗಿನ ಕಡೆಯ ಹುಡುಗ. "ಮೇಡಂ, ನೀವು ನಮ್ಮ ಮ್ಯಾನೇಜರ್ ಆಗ್ಬೇಕಿತ್ರಿ" ಎಂದು ನಗುತ್ತಲೇ ಬೆಲೆ ಇಳಿಸುತ್ತ ಬಂದ. ಕೊನೆಗೆ ಅವನು ಬಂದು ನಿಂತ ಬೆಲೆ ನ್ಯಾಯವಾದದ್ದೇ. ಅದು ಗೊತ್ತಾಗದಿದ್ದರೆ ನಾನೆಂಥ ಕಮಲಮ್ಮ.

ಅಷ್ಟರಲ್ಲಿ ಅಣ್ಣ ಕಾರಿನೊಳಗೆ ಹೋಗಿ ಕೂತಿದ್ದ. ಸ್ಟೀರಿಂಗ್ ಹಿಡಿದು, ಯಾರೂ ನೋಡುತ್ತಿಲ್ಲವೆಂದುಕೊಂಡು, ತುಟಿಯಲ್ಲೇ ಗಾಡಿಯ ಸದ್ದು ಮಾಡುತ್ತಿದ್ದ. ಗಾಜಿನಾಚೆಯಿಂದ ಅವನ ಕೆನ್ನೆ ಉಬ್ಬಿದ್ದು ಕಂಡಿತು. ಆಗ ನನಗೆ—ಏನೆಂದು ಬರೆಯಲಿ—ಸಿಟ್ಟು ಬಂತು.

ರಸ್ತೆಯ ಭಯ, ಅವನ ವಯಸ್ಸು, "ಹೆಂಡ್ತಿ ಹೋಗಿ ವರ್ಷ ಆಗಿಲ್ಲ, ಕೆಂಪು ಕಾರಂತೆ" ಎನ್ನಬಹುದಾದ ನೆಂಟರು—ಇವನ್ನೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಯಾವುದೂ ನಿಜವಲ್ಲ. ನನ್ನ ಎರಡು ಬಾಣಂತನವನ್ನೂ ಮಾಡಿದವಳು ಗಿರಿಜತ್ತಿಗೆ. ಅವಳಿಲ್ಲದ ಅಡುಗೆಮನೆಗೆ ಕಾಲಿಡಲು ನನಗಿನ್ನೂ ಆಗುತ್ತಿರಲಿಲ್ಲ. ಇವನು ನೋಡಿದರೆ... ಅವಳಿಲ್ಲದೆಯೂ ಇವನಿಗೆ ಇಷ್ಟು ನಗು ಬರುತ್ತದೆಯೇ? ಅದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಬಸವರಾಜನ ಕಡೆ ಬಾಗಿ ಹೇಳಿದೆ: "ಇವ್ರಿಗೆ ಎದೆ ಸರಿ ಇಲ್ಲಪ್ಪ. ಡಾಕ್ಟ್ರು ಗಾಡಿ ಓಡಿಸ್ಲೇಬಾರ್ದು ಅಂದಿದಾರೆ. ಈಗ ನಾನು ತುಂಬಾ ಕಮ್ಮಿ ಕೇಳ್ತೀನಿ, ನೀನು ಆಗಲ್ಲ ಅನ್ನು. ನಾವು ಎದ್ದು ಹೋದ್ರೆ ಹಿಂದಿಂದ ಕರೀಬೇಡ."

ಅಣ್ಣನ ಎದೆ ಗಟ್ಟಿಯಾಗಿತ್ತು. ಈಗಲೂ ಗಟ್ಟಿಯಾಗಿದೆ.

ಹುಡುಗನ ಮುಖ ಸಣ್ಣದಾಯಿತು. "ನಮ್ಮಪ್ಪಗೂ ಹಂಗ ಆಗಿತ್ರಿ, ಅಮ್ಮಾರ. ಕರಿಯಂಗಿಲ್ಲ ಬಿಡ್ರಿ" ಎಂದ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವನು ಅಮ್ಮ ಎಂದ. ಅವನಿಗೂ ನಾನು ಮೋಸ ಮಾಡಿದೆ.

ಅಣ್ಣ ಬಂದು ಪಕ್ಕದಲ್ಲಿ ಕೂತ. ನಾನು ಬಾಯಿಗೆ ಬಂದ ಬೆಲೆ ಕೇಳಿದೆ. ಬಸವರಾಜ ಆಗುವುದಿಲ್ಲ ಎಂದ. ಅಣ್ಣ ನನ್ನ ಕಿವಿಯಲ್ಲಿ, "ಅಷ್ಟು ಕಮ್ಮಿ ಕೇಳೋದು ಅನ್ಯಾಯ ಅಲ್ವೇನೇ?" ಎಂದ. "ಸುಮ್ನಿರು" ಎಂದು ಎದ್ದೆ. ಹೇಳಿಕೊಟ್ಟ ಹಾಗೆ ಅವನೂ ಎದ್ದ. ಬಾಗಿಲ ಹತ್ತಿರ ಬಗ್ಗಿ, ಸರಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಕಟ್ಟಿದ. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಕೂಗಲು ಅವರಿಗೆ ಸಮಯ ಕೊಡುತ್ತಿದ್ದ. ನನ್ನತ್ತ ನೋಡಿ ಕಣ್ಣು ಮಿಟುಕಿಸಿದ ಕೂಡ. ಒಳಗೆ ಬಸವರಾಜ ತಲೆ ತಗ್ಗಿಸಿ ನಿಂತಿದ್ದ. ಯಾರೂ ಕರೆಯಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅಣ್ಣನೇ ಹೇಳಿದ: "ತಪ್ಪು ನಂದೇ ಕಣೇ. ಮುಟ್ಬೇಡ ಅಂತ ಹೇಳಿದ್ದೆ ನೀನು, ಮುಟ್ಬಿಟ್ಟೆ. ನಕ್ಬಿಟ್ಟೆ. ಅದಕ್ಕೇ ಅವ್ನು ಇಳೀಲಿಲ್ಲ."

ಅಲ್ಲ ಎನ್ನಬೇಕಿದ್ದದ್ದು ಆಗ. ನಾನು ಹೊರಗೆ ನೋಡುತ್ತ ಕೂತೆ.

ಬೇರೆ ಕಡೆ ನೋಡೋಣವೆಂದು ಅವನು ಅನ್ನಲಿಲ್ಲ. ಆ ಆಸೆಯ ಮಾತನ್ನೇ ಮತ್ತೆ ಎತ್ತಲಿಲ್ಲ. ಕಾರು ಹೋದರೆ ಹೋಗಲಿ ಎನ್ನಬಹುದೇನೋ—ಆದರೆ ಅಜ್ಜಿಯ ಪಾಠವನ್ನು ಅಣ್ಣ ಅವತ್ತು ಪೂರ್ತಿ ಕಲಿತುಬಿಟ್ಟ. ನಾವಿಬ್ಬರೂ ಅಂಗಡಿಗೆ ಹೋದರೆ ಹೊರಗೇ ನಿಲ್ಲುತ್ತಿದ್ದ. "ನೀನು ಹೋಗು, ನನ್ನ ಮುಖ ನೋಡಿದ್ರೆ ರೇಟ್ ಏರುತ್ತೆ." ಮೊದಮೊದಲು ತಮಾಷೆಗೆ ಹೇಳುತ್ತಿದ್ದ. ಬರಬರುತ್ತ ಹೋಳಿಗೆ ಬಡಿಸಿದರೂ ಚೆನ್ನಾಗಿದೆ ಎನ್ನುವುದನ್ನು ಬಿಟ್ಟ. ನನ್ನ ಮೊಮ್ಮಗಳನ್ನು ಮೊದಲ ಸಲ ಅವನ ಮಡಿಲಿಗೆ ಹಾಕಿದಾಗ ಮುಖ ಬಿಗಿಹಿಡಿದು ಕೂತಿದ್ದ—ಯಾರೋ ಈಗ ಬೆಲೆ ಹೇಳಲಿದ್ದಾರೆ ಎನ್ನುವ ಹಾಗೆ. ಐದು ವರ್ಷ ಅದನ್ನು ನೋಡಿಕೊಂಡು, ಗೊತ್ತಿದ್ದೂ, ಪ್ರತಿ ಭಾನುವಾರ ಅವನಿಗೆ ಅನ್ನ ಬಡಿಸಿದ್ದೇನೆ.

ಕಳೆದ ತಿಂಗಳು ಫ್ಯಾನ್ ಕೊಳ್ಳಲು ಹೋದಾಗ ಅವನು ಮತ್ತೆ ಹೊರಗೇ ನಿಂತ. ನಾನೂ ಒಳಗೆ ಹೋಗಲಿಲ್ಲ. ಅಲ್ಲೇ, ಅಂಗಡಿಯ ಮೆಟ್ಟಿಲ ಮೇಲೆ ಎಲ್ಲವನ್ನೂ ಹೇಳಿದೆ—ಎದೆಯ ಸುಳ್ಳು, ಕರೀಬೇಡ ಎಂದದ್ದು, ಸಿಟ್ಟು, ಅದು ಯಾಕೆ ಬಂತೆನ್ನುವುದು. ಅವನು ಕೇಳಿದ್ದು ಒಂದೇ.

"ಹಂಗಾದ್ರೆ ನಾನು ನಕ್ಕಿದ್ದಕ್ಕಲ್ವಾ?"

"ಅಲ್ಲ ಅಣ್ಣ."

ವ್ಯಾನ್ ಹತ್ತಿ ಒಬ್ಬನೇ ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಹೊರಟವನನ್ನು ಹಿಂದಿನಿಂದ ಕರೆಯಲು ನನಗೆ ಬಾಯಿ ಬರಲಿಲ್ಲ.

ಮೊನ್ನೆ ಭಾನುವಾರ ಗೇಟಿನ ಮುಂದೆ ಅಣ್ಣನ ವ್ಯಾನಿನ ಹಾರ್ನ್ ಕೇಳಿಸಿತು. ಹೋಗಿ ಪಕ್ಕದಲ್ಲಿ ಕೂತೆ. ವರ್ತೂರು ಕೆರೆ ದಾಟಿದ ಮೇಲೆ ಒಂದು ಮಾವಿನಹಣ್ಣಿನ ತಳ್ಳುಗಾಡಿಯ ಬಳಿ ವ್ಯಾನ್ ನಿಲ್ಲಿಸಿದ. ಇಬ್ಬರೂ ಇಳಿದೆವು. ಅವನು ಒಂದು ಹಣ್ಣೆತ್ತಿ ಮೂಸಿ, ಮಾರುವವಳ ಮುಖ ನೋಡುತ್ತಲೇ, "ಎಷ್ಟು ಚೆನ್ನಾಗಿದ್ಯಮ್ಮಾ ಇದು" ಎಂದ. ಆಕೆ ಬೆಲೆ ಹೇಳಿದಳು. ಜಾಸ್ತಿಯಾಗಿತ್ತು. ಅಣ್ಣ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯಲಿಲ್ಲ. ಅವನು ಎರಡು ಕೆಜಿ ತೂಗಿಸಿಕೊಂಡ.